ಪೆಟ್ರೋಲ್ ಬೇಕು, ತೈಲ ಬಾವಿ ಬೇಡ ಅಂದರೆ ಹೇಗೆ?

ತೈಲ, ಗ್ಯಾಸ್ ಬಾವಿ ಬೇಡ ಅಂತ ತಮಿಳುನಾಡಿನ ನೆಡುವಾಸಲ್ ಊರಿನವರು ಧರಣಿ ಕೂತ ಬಗ್ಗೆ ಓದಿ ನೀವು ಕೇಳಿದ್ದೀರಿ: ಬೈಕಿಗೆ ಪೆಟ್ರೋಲ್ ಬೇಕು, ಒಲೆಗೆ ಗ್ಯಾಸ್ ಬೇಕು, ಬಾವಿ ಮಾತ್ರ ಬೇಡ ಅಂದರೆ ಅದು ಸುಮ್ನೆ ಅಡ್ಡಗಾಲು ಅಲ್ವಾ?

ಅಲ್ಲ ಅಂತ ನನ್ನ ಅನಿಸಿಕೆ. ನಾನು ಅರಸೀಕೆರೆ ಕಡೆಯವನು. ನಮ್ಮ ಹಾಸನದ ನೆಲದಡಿ ಇರುವುದು ಗಟ್ಟಿ ಬಂಡೆ, ಅದರಲ್ಲಿ ತೈಲ ಸಿಗುವುದಿಲ್ಲ. ಆದರೆ ನೆಲ ಕೊರೆಯುವುದು ಅಂದರೇನು ಅಂತ ನಮಗೆ ಚೆನ್ನಾಗಿ ಗೊತ್ತು.

ಮೂರು ವರ್ಷದ ಹಿಂದೆ ತೆಂಗಿನ ತೋಟದಲ್ಲಿ ಬೋರ್ ಕೊರೆಸಿದೆವು. 800 ಅಡಿ. ರಾತ್ರಿಯಿಡೀ ಕೊರೆದರು. ಬೆಳಗ್ಗೆ ನೋಡಿದರೆ ಬೂದಿ ಬಣ್ಣದ ಕೆಸರು ಪಕ್ಕದ ರಾಗಿ ಹೊಲಕ್ಕೆ ಹರಿದಿತ್ತು. ಒಣಗಿದ ಮೇಲೆ ಸಿಮೆಂಟಿನ ಹಾಗೆ ಕಚ್ಚಿಕೊಂಡಿತು. ಎರಡು ಸಲ ಗುದ್ದಲಿ ಹಾಕಿ ಕೆದಕಿದರೂ ಅಷ್ಟು ಜಾಗದಲ್ಲಿ ಆ ವರ್ಷ ರಾಗಿ ಮೊಳೆಯಲಿಲ್ಲ. ಅದು ಬರೀ ಕಲ್ಲಿನ ಹಿಟ್ಟು, ವಿಷ ಅಲ್ಲ.

ತೈಲ ಬಾವಿ ಸಾವಿರಾರು ಅಡಿ ಇಳಿಯುತ್ತದೆ. ಕೊರೆಯುವಾಗ ಬಳಸುವ ಕೆಸರಿನಲ್ಲಿ ರಾಸಾಯನಿಕ ಇರುತ್ತದೆ. ತೈಲದ ಜೊತೆ ಉಪ್ಪುನೀರೂ ಮೇಲೆ ಬರುತ್ತದೆ. ಬಾವಿ ಹಳೆಯದಾದಂತೆ ತೈಲಕ್ಕಿಂತ ಆ ನೀರೇ ಜಾಸ್ತಿ. ಅದನ್ನು ಗದ್ದೆಗೆ ಬಿಡುವ ಹಾಗಿಲ್ಲ, ಕಾಲುವೆಗೂ ಬಿಡುವ ಹಾಗಿಲ್ಲ. ನಾವು ಕುಡಿಯುವ ಅಂತರ್ಜಲವನ್ನು ಅದರಿಂದ ಕಾಯುವುದು ಬಾವಿಯೊಳಗೆ ಇಳಿಸುವ ಕೇಸಿಂಗ್ ಪೈಪು, ಅದರ ಸುತ್ತ ತುಂಬಿದ ಸಿಮೆಂಟು. ಅಷ್ಟೇ. ಅದು ಬಿರುಕು ಬಿಟ್ಟರೆ ಸಾವಿರಾರು ಅಡಿ ಕೆಳಗೆ ಇಳಿದು ನೋಡುವವರು ಯಾರು?

ಸರಿಯಾಗಿ ಮಾಡಿದರೆ ತೊಂದರೆ ಇಲ್ಲ ಅನ್ನುತ್ತಾರೆ. ಬಹಳಷ್ಟು ಬಾವಿಗಳು ತೊಂದರೆಯಿಲ್ಲದೆ ನಡೆಯುತ್ತವೆ ಅನ್ನುವುದೂ ನಿಜ. ಆದರೆ 2017ರಲ್ಲಿ ತಂಜಾವೂರು ಜಿಲ್ಲೆಯ ಕದಿರಾಮಂಗಲದಲ್ಲಿ ತೈಲದ ಪೈಪು ಸೋರಿತು. 2020ರ ಮೇ 27ರಂದು ಅಸ್ಸಾಂನ ಬಾಗ್‌ಜಾನ್‌ನಲ್ಲಿ ಬಾವಿಯಿಂದ ಗ್ಯಾಸ್ ಚಿಮ್ಮಿತು. ಜೂನ್ 9ಕ್ಕೆ ಬೆಂಕಿ ಹತ್ತಿತು, ಪೂರ್ತಿ ಆರಿದ್ದು ನವೆಂಬರ್‌ನಲ್ಲಿ. ಬೆಂಕಿ ಆರಿಸಲು ಬಂದ ಇಬ್ಬರು ಸತ್ತರು. ಸಾವಿರಾರು ಜನ ಮನೆ ಬಿಟ್ಟು ಶಿಬಿರ ಸೇರಿದರು. ಪಕ್ಕದಲ್ಲೇ ಮೀನು, ಹಕ್ಕಿಗಳಿಂದ ತುಂಬಿದ್ದ ಕೆರೆಯೂ ಹಾಳಾಯಿತು. ಇದನ್ನೆಲ್ಲ ನೋಡಿದ ಊರಿನವರಿಗೆ ಸುಮ್ಮನಿರಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ನೋವು ಕೊಡುತ್ತದೆ. ತೈಲ, ಗ್ಯಾಸ್ ಹುಡುಕಲು ಕೊರೆಯುವ ಮೊದಲು ಊರವರ ಅಹವಾಲು ಕೇಳಬೇಕು ಅಂತ ನಿಯಮ ಇತ್ತು. 2020ರ ಜನವರಿಯಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. ಸಭೆ ಕರೆದು ಕೇಳದೇ ಇದ್ದರೆ ಜನ ರಸ್ತೆಗೆ ಬರದೆ ಇನ್ನೆಲ್ಲಿ ಹೋಗಬೇಕು?

ನೆಡುವಾಸಲ್ ಗುತ್ತಿಗೆ ಸಿಕ್ಕಿದ್ದು ನಮ್ಮ ಕರ್ನಾಟಕದ ಕಂಪನಿಯೊಂದಕ್ಕೆ. ಹಾಗಾಗಿ ಇದು ಬೇರೆ ರಾಜ್ಯದ ತಲೆನೋವು ಅನ್ನುವ ಹಾಗಿಲ್ಲ. ನಮ್ಮ ಹೇಮಾವತಿ ಕಾವೇರಿ ಸೇರಿ ತಂಜಾವೂರಿನ ಗದ್ದೆಗೆ ಹೋಗುತ್ತಾಳೆ. ನೀರಿನ ಹಂಚಿಕೆಯಲ್ಲಿ ನಮಗೂ ಅವರಿಗೂ ಜಗಳ ಇದ್ದೇ ಇದೆ. ಈ ಮಾತಿನಲ್ಲಿ ಮಾತ್ರ ನಾನು ಅವರ ಕಡೆ.

ಹೀಗೆ ಧರಣಿ ಕೂತಿದ್ದಕ್ಕೆ ಫಲ ಸಿಕ್ಕಿತಾ ಅಂದರೆ, ಸ್ವಲ್ಪ ಸಿಕ್ಕಿತು. 2020ರ ಫೆಬ್ರುವರಿಯಲ್ಲಿ ತಮಿಳುನಾಡು ಕಾನೂನು ಮಾಡಿ ಕಾವೇರಿ ಡೆಲ್ಟಾದಲ್ಲಿ ಹೊಸ ತೈಲ, ಗ್ಯಾಸ್ ಬಾವಿ ನಿಷೇಧಿಸಿತು. ಮೊದಲೇ ನಡೆಯುತ್ತಿದ್ದ ಬಾವಿಗಳಿಗೆ ಅದು ತಟ್ಟಲಿಲ್ಲ. ನಮ್ಮ ಚಿಕ್ಕಮಗಳೂರಿನ ಕುದುರೆಮುಖದಲ್ಲೂ ಕಬ್ಬಿಣದ ಅದಿರಿನ ಗಣಿ ಬೇಡ ಅಂತ ಊರವರು, ಕಾಡು ಉಳಿಸುವವರು ವರ್ಷಗಟ್ಟಲೆ ಬಡಿದಾಡಿದರು. ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟಿತು, 2005ರ ಕೊನೆಗೆ ಗಣಿ ನಿಂತಿತು.

ನಿಮ್ಮ ಊರಿನ ಹತ್ತಿರ ಇಂಥ ಯೋಜನೆ ಬರುವ ಸುದ್ದಿ ಇದ್ದರೆ ಒಂದು ಕೆಲಸ ಈಗಲೇ ಮಾಡಿ. ಬಾವಿ, ಬೋರ್, ಕೆರೆ ಮೂರರ ನೀರನ್ನೂ ಲ್ಯಾಬ್‌ನಲ್ಲಿ ಪರೀಕ್ಷೆ ಮಾಡಿಸಿ, ತಾರೀಖು ಇರುವ ವರದಿ ಜೋಪಾನವಾಗಿ ಇಟ್ಟುಕೊಳ್ಳಿ. ಕೊರೆದ ಮೇಲೆ ನೀರು ಉಪ್ಪಾದರೆ, ಮೊದಲು ಸಿಹಿ ಇತ್ತು ಅಂತ ತೋರಿಸಲು ಆ ಕಾಗದ ಬೇಕಾಗುತ್ತದೆ.