ಪ್ರ: ಇಲ್ಸ್ಟೆಡ್ ಬರೀ ಹಮರ್ಸ್‌ಹೋಯ್ ಕಾಪಿನಾ?
ಡೆನ್ಮಾರ್ಕ್ ಪೇಂಟರ್ ಇಲ್ಸ್ಟೆಡ್ ಚಿತ್ರಗಳು ಅಲ್ಲಿನ ಇನ್ನೊಬ್ಬ ಪೇಂಟರ್ ಹಮರ್ಸ್‌ಹೋಯ್ ನಕಲು ಥರ ಕಾಣ್ತವೆ, ಹೌದಾ ಅಂತ ಕೇಳಿದ್ರಲ್ಲ, ನನ್ ಪ್ರಕಾರ ಖಂಡಿತ ಅಲ್ಲ. ಹೋಲಿಕೆಗೆ ಕಾರಣ ಇದೆ, ಪೀಟರ್ ಇಲ್ಸ್ಟೆಡ್ (1861–1933) ತಂಗಿ ಇಡಾನೇ 1891ರಲ್ಲಿ ಹಮರ್ಸ್‌ಹೋಯ್‌ನ ಮದ್ವೆ ಆಗಿದ್ದು, ಆತನ ಪೇಂಟಿಂಗ್‌ಗಳಲ್ಲಿ ಬೆನ್ನು ತೋರಿಸ್ಕೊಂಡು ನಿಂತಿರೋ ಹೆಂಗಸು ಎಷ್ಟೋ ಸಲ ಅವ್ಳೇ. ಇಬ್ರೂ ಕೋಪನ್‌ಹೇಗನ್ ಅಕಾಡೆಮಿಲಿ ಕಲಿತೋರು, ಇಬ್ರೂ ಬರ್ದಿದ್ದು ಮನೆ ಒಳಗಿನ ರೂಮು, ಕಿಟಕಿ ಬೆಳಕು. ಆದ್ರೆ ಹಮರ್ಸ್‌ಹೋಯ್ ರೂಮು ಬೂದು ಬಣ್ಣ, ಖಾಲಿ ಖಾಲಿ, ಇಲ್ಸ್ಟೆಡ್ ಮನೇಲಿ ಬಿಸಿಲಿದೆ, ಮಕ್ಕಳಿದಾರೆ.

ಮತ್ತೆ ಇಲ್ಸ್ಟೆಡ್ ಅವ್ರ ನಿಜವಾದ ಸಾಧನೆ ಕಲರ್ ಮೆಜೊಟಿಂಟ್ (ತಾಮ್ರದ ಪ್ಲೇಟಿಂದ ಚಿತ್ರ ಅಚ್ಚು ತೆಗೆಯೋ ಒಂದು ವಿಧಾನ) ಪ್ರಿಂಟು, ಅದನ್ನ ನೋಡ್ದೆ ತೀರ್ಪು ಕೊಡ್ಬೇಡಿ ಪ್ಲೀಸ್. ಇದ್ರಲ್ಲಿ ತಾಮ್ರದ ಪ್ಲೇಟನ್ನ ಮೊದ್ಲು ಹಲ್ಲಿರೋ ಉಪಕರಣದಿಂದ ಪೂರ್ತಿ ಒರಟು ಮಾಡ್ತಾರೆ, ಆಗ ಪ್ರಿಂಟ್ ತೆಗೆದ್ರೆ ಬರೀ ಕಪ್ಪು ಬರುತ್ತೆ, ಆಮೇಲೆ ಎಲ್ಲಿ ಬೆಳಕು ಬೇಕೋ ಅಲ್ಲಿ ಕೆರೆದು ಉಜ್ಜಿ ನುಣುಪು ಮಾಡ್ತಾ ಹೋಗ್ಬೇಕು, ಅಂದ್ರೆ ಕತ್ತಲೆಯಿಂದ ಬೆಳಕನ್ನ ಕೆತ್ತಿ ತೆಗೆದ ಹಾಗೆ. ಬಾಗಿಲ ಸಂದಿಯಿಂದ ನೆಲದ ಮೇಲೆ ಬೀಳೋ ಆ ಮೆತ್ತನೆ ಬಿಸಿಲು ಇದೆಯಲ್ಲ, ಅದು ಹಂಗೆ ಬಂದಿದ್ದು.