ಡಚ್ ಸಮಾಸಪದಗಳಲ್ಲಿ ಒತ್ತು ಎಲ್ಲಿ?

'ಸಮಾಸಪದದ ಮೊದಲ ಅಕ್ಷರಕ್ಕೇ ಒತ್ತು ಅಂತ ಓದಿದ್ದೆ, ಸ್ಟಾಶೋನ್ಸ್‌ಪ್ಲೆಯ್ನ್‌ನಲ್ಲಿ (ನಿಲ್ದಾಣದ ಮುಂದಿನ ಚೌಕ) ಎರಡನೆಯದಕ್ಕೆ ಕೇಳಿಸುತ್ತಿದೆಯಲ್ಲ' ಎಂದು ಕೇಳಿದ್ದೀರಿ. ನಿಮ್ಮ ಕಿವಿ ಸರಿಯಾಗಿಯೇ ಕೇಳಿಸಿಕೊಂಡಿದೆ. ಮುಖ್ಯ ಒತ್ತು ಸಾಮಾನ್ಯವಾಗಿ ಮೊದಲ ಪದದ ಪಾಲು. ಆ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಸಮಾಸದಲ್ಲೂ ಅಲ್ಲೇ ಉಳಿಯುತ್ತದೆ. ಸ್ಟಾಶೋನ್‌ಗೆ ಒತ್ತು 'ಶೋನ್' ಮೇಲೆ, ಹಾಗಾಗಿ ಸ್ಟಾ-ಶೋನ್ಸ್-ಪ್ಲೆಯ್ನ್‌ನಲ್ಲೂ ನಡುವಿನದಕ್ಕೇ. ಫುಟ್‌ಬಲ್‌ನಲ್ಲಿ (ಕಾಲ್ಚೆಂಡು) ಮೊದಲ ಪದ ಒಂದೇ ಅಕ್ಷರದ್ದು, ಅದಕ್ಕೇ ಆರಂಭದಲ್ಲಿ ಒತ್ತು.

ಮಧ್ಯದ 'ಸ್' ಬರೀ ಕೊಂಡಿ, ಉಚ್ಚಾರದಲ್ಲಿ ಹಿಂದಿನ ಅಕ್ಷರಕ್ಕೆ ಅಂಟುತ್ತದೆ. 'ಎನ್' ಕೂಡ ಅಂಥದ್ದೇ ಕೊಂಡಿ: ಬೂಕೆನ್‌ಕಸ್ಟ್ (ಪುಸ್ತಕದ ಕಪಾಟು) ಎಂದು ಬರೆದರೂ ಬಹಳ ಮಂದಿ 'ಬೂಕ-ಕಸ್ಟ್' ಎನ್ನುತ್ತಾರೆ. ಪ್ಯಾನ್‌ಕೇಕ್‌ಗೆ ಡಚ್ಚರು ಬರೆಯುವ ಪದದಲ್ಲಿ ಈ 'ನ್' ಕಾಣಿಸಿಕೊಂಡದ್ದೇ 1995ರ ಕಾಗುಣಿತ ಸುಧಾರಣೆಯಿಂದ. ಹಳೆಯ ಪುಸ್ತಕಗಳಲ್ಲಿ ಅದಿಲ್ಲ.

ಲಿಂಗ ಮಾತ್ರ ಕೊನೆಯ ಪದದ್ದು. ಡಚ್‌ನಲ್ಲಿ ಅದನ್ನು ನಾಮಪದದ ಮುಂದೆ ಬರುವ 'ಹೆಟ್' ಅಥವಾ 'ಡ' ಎಂಬ ಪುಟ್ಟ ಪದ (ಇಂಗ್ಲಿಷಿನ 'ದ' ಇದ್ದಂತೆ) ತೋರಿಸುತ್ತದೆ. ಬೂಕ್‌ಗೆ (ಪುಸ್ತಕ) 'ಹೆಟ್', ಕಸ್ಟ್‌ಗೆ (ಕಪಾಟು) 'ಡ', ಆದ್ದರಿಂದ 'ಡ ಬೂಕೆನ್‌ಕಸ್ಟ್'.

ಅಪವಾದಗಳೂ ಇವೆ. ಸ್ಟಟ್‌ಹೌಸ್ (ನಗರಸಭೆ ಕಟ್ಟಡ) ಪದದಲ್ಲಿ ಒತ್ತು 'ಹೌಸ್' ಮೇಲೆ. ಇಂಥವನ್ನು ಕೇಳಿ ಕೇಳಿಯೇ ಕಲಿಯಬೇಕು. ಹೊಸ ಪದ ಸಿಕ್ಕಾಗ ಮೊದಲ ಪದವನ್ನಷ್ಟೇ ಬಿಡಿಸಿ ಜೋರಾಗಿ ಹೇಳಿ ನೋಡಿ, ಹೆಚ್ಚಿನ ಸಲ ಒತ್ತು ತಾನಾಗಿ ಸಿಗುತ್ತದೆ.