ದ್ರಾಕ್ಷಿ ಹಾಳಾದ ವರ್ಷವೂ ಸ್ತೋತ್ರ ಹೇಳಬೇಕಾ?
ತಿಕೋಟಾದಲ್ಲಿ ಮಳೆಗೆ ದ್ರಾಕ್ಷಿ ಹೋಯ್ತು, ಆದ್ರೂ ಚರ್ಚಿನಲ್ಲಿ ಎಲ್ಲದರಲ್ಲೂ ಸ್ತೋತ್ರ (ದೇವರಿಗೆ ಕೃತಜ್ಞತೆ) ಹೇಳಿ ಅಂತಾರೆ, ಇದು ನಾಟಕ ಅಲ್ವಾ ಅಂತ ಕೇಳಿದ್ದೀರಿ. ಸುಮ್ನೆ ನಗುತ್ತ ಹೇಳಿದರೆ ನಾಟಕವೇ ಅಣ್ಣ. ಬೈಬಲಿನಲ್ಲಿ ಹಬಕ್ಕೂಕ 3:17 ತೆಗೆದು ನೋಡಿ. ಅಂಜೂರ ಇಲ್ಲ, ದ್ರಾಕ್ಷಿ ಇಲ್ಲ, ಹೊಲದಲ್ಲಿ ಬೆಳೆ ಇಲ್ಲ, ಕೊಟ್ಟಿಗೆಯಲ್ಲಿ ದನ ಇಲ್ಲ ಅಂತ ಪ್ರವಾದಿ ಒಂದೊಂದಾಗಿ ಹೇಳಿಕೊಂಡು, ಆಮೇಲೇ 18ನೇ ವಚನದಲ್ಲಿ ಆದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುತ್ತಾನೆ. (ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ.) 13ನೇ ಕೀರ್ತನೆಯಂತೂ ಶುರುವಾಗುವುದೇ ಎಷ್ಟು ಕಾಲ ನನ್ನನ್ನು ಮರೆಯುತ್ತೀ ಅನ್ನೋ ಜಗಳದಿಂದ. ನೀವೂ ಪ್ರಾರ್ಥನೆಯಲ್ಲಿ ಮೊದಲು ಸಾಲ, ಔಷಧಿ ಖರ್ಚು ಎಲ್ಲ ಹೇಳಿ. ಸ್ತೋತ್ರ ದಿನಕ್ಕೆ ಒಂದು ಸಾಕು, ಆದರೆ ನಿಜವಾಗಿ ಸಿಕ್ಕಿದ್ದಕ್ಕೆ ಇರಲಿ: ಉಳಿದ ಬಳ್ಳಿಗೆ, ಮಳೆಯಲ್ಲಿ ತಾಡಪತ್ರಿ ಹಿಡಿಯಲು ಬಂದ ಪಕ್ಕದ ತೋಟದವರಿಗೆ. ಅವರ ಮನೆಗೂ ಒಮ್ಮೆ ಹೋಗಿ ಹೇಳಿ ಬನ್ನಿ.